ಹತ್ತರಲ್ಲೇ ಉಳಿಯೋದಾ, ಹನ್ನೊಂದಕ್ಕೆ ಹೋಗೋದಾ: ನಮ್ಮ ಮನೆಯ ಹಳೇ ಕಂಪ್ಯೂಟರಿನ ಪಂಚಾಯ್ತಿ

ನಮ್ಮ ಮನೆಯ ಕಂಪ್ಯೂಟರು 2017ರದ್ದು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಬಿಡಿಭಾಗ ಕೊಂಡು, ಅಲ್ಲೇ ಜೋಡಿಸಿಕೊಂಡು ತೀರ್ಥಹಳ್ಳಿಗೆ ತಂದದ್ದು. ಇಂಟೆಲ್ ಐ5 7400 ಪ್ರೊಸೆಸರ್, 8 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10. ಇದನ್ನು ಏನು ಮಾಡೋದು ಅನ್ನುವ ಪ್ರಶ್ನೆ ತಿಂಗಳುಗಟ್ಟಲೆ ಎಳೆದಾಡಿ, ಈಗಷ್ಟೇ ದಡ ಸೇರಿದೆ. ಕೊನೆಗೆ ಏನಾಯ್ತು ಅಂತ ಮೊದಲೇ ಹೇಳಿಬಿಡುತ್ತೇನೆ, ಪೂರ್ತಿ ಓದಲು ಪುರುಸೊತ್ತಿಲ್ಲದವರಿಗೆ ಅನುಕೂಲ: ವಿಂಡೋಸ್ 11ಕ್ಕೆ ಹೋಗಲಿಲ್ಲ, ಹೊಸ ಕಂಪ್ಯೂಟರನ್ನೂ ಕೊಳ್ಳಲಿಲ್ಲ. ಹತ್ತರಲ್ಲೇ ಒಂದು ವರ್ಷದ ಹೆಚ್ಚುವರಿ ಭದ್ರತಾ ಅಪ್‌ಡೇಟ್‌ಗೆ ಹೆಸರು ಬರೆಸಿ, ಹಾರ್ಡ್ ಡಿಸ್ಕಿಗಿಂತ ಬಹಳ ವೇಗದ ಎಸ್‌ಎಸ್‌ಡಿ ಅನ್ನುವ ಡಿಸ್ಕೊಂದನ್ನು ಹಾಕಿಸಿದೆವು. ಆ ವರ್ಷದೊಳಗೆ ಮುಗಿಸಬೇಕಾದ ಒಂದು ದೊಡ್ಡ ಕೆಲಸ ಇದೆ. ಅದು ವಿಂಡೋಸಿನದ್ದಲ್ಲ, ಅಪ್ಪನ ಕನ್ನಡ ಫೈಲುಗಳದ್ದು. ಅದಕ್ಕೆ ಆಮೇಲೆ ಬರುತ್ತೇನೆ.

ಶುರುವಾದದ್ದು ಪರದೆ ತುಂಬ ಬಂದ ನೋಟೀಸಿನಿಂದ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯುತ್ತದೆ ಅಂತ. ಅಪ್ಪ ನಿವೃತ್ತ ಕನ್ನಡ ಮೇಷ್ಟ್ರು. ದಿನಾ ಬೆಳಿಗ್ಗೆ ಕಾಫಿ ಆದ ಮೇಲೆ ಕಂಪ್ಯೂಟರ್ ಮುಂದೆ ಕೂತು ಸ್ಥಳೀಯ ಇತಿಹಾಸದ ಲೇಖನ, ಸ್ಮರಣ ಸಂಚಿಕೆಗಳ ಬರಹ ಟೈಪು ಮಾಡುವವರು. ಅವರ ವಾಟ್ಸಾಪ್ ಗುಂಪಿನಲ್ಲಿ ಅಷ್ಟರೊಳಗೆ ಯಾರೋ ಹಾಕಿದ್ದರು, ಆ ದಿನ ಹಳೇ ಕಂಪ್ಯೂಟರೆಲ್ಲ ಬಂದ್ ಆಗುತ್ತವೆ ಅಂತ.

"ಏನೋ ಮಾರಾಯ, ನನ್ನ ಫೈಲೆಲ್ಲ ಹೋಗತ್ತಂತಲ್ಲ?"

ಹಾಗೇನೂ ಇಲ್ಲ. ಈ ಗಾಬರಿ ಅವರೊಬ್ಬರದ್ದೇ ಅಲ್ಲ, ಅದಕ್ಕೇ ಬಿಡಿಸಿ ಹೇಳುತ್ತೇನೆ. ಅಕ್ಟೋಬರ್ 14 ಕಳೆದ ಮೇಲೂ ಕಂಪ್ಯೂಟರ್ ಆನ್ ಆಗುತ್ತದೆ, ಫೈಲು ತೆರೆಯುತ್ತವೆ, ಇಂಟರ್ನೆಟ್ಟೂ ಓಡುತ್ತದೆ. ನಿಂತದ್ದು ಪ್ರತಿ ತಿಂಗಳು ಬರುತ್ತಿದ್ದ ಉಚಿತ ಭದ್ರತಾ ತೇಪೆ. ವಿಂಡೋಸ್ ಜೊತೆಗೇ ಬರುವ ಡಿಫೆಂಡರ್ ಆ್ಯಂಟಿವೈರಸ್‌ಗೆ ವೈರಸ್ ಗುರುತಿನ ಪಟ್ಟಿ 2028ರ ಅಕ್ಟೋಬರ್‌ವರೆಗೂ ಬರುತ್ತಿರುತ್ತದೆ ಎಂದು ಮೈಕ್ರೋಸಾಫ್ಟ್ ಹೇಳಿದೆ. ಹಾಗಾದರೆ ಚಿಂತೆ ಏಕೆ ಅಂತ ನನ್ನ ಭಾವನೂ ಕೇಳಿದ. ಬಾಗಿಲಲ್ಲಿ ನಾಯಿ ಕಟ್ಟಿ, ಹಿತ್ತಲ ಬೇಲಿ ಮುರಿದದ್ದನ್ನು ಹಾಗೇ ಬಿಟ್ಟರೆ ಏನಾಗುತ್ತದೋ ಅದೇ ಇಲ್ಲೂ. ಆ್ಯಂಟಿವೈರಸ್ ಗುರುತಿರುವ ಕಳ್ಳನನ್ನು ಹಿಡಿಯುತ್ತದೆ, ಆಪರೇಟಿಂಗ್ ಸಿಸ್ಟಮ್ಮಿನ ಒಳಗಿನ ತೂತನ್ನು ಮುಚ್ಚುವುದು ಅದರ ಕೆಲಸವಲ್ಲ. ನಮ್ಮ ಮನೆಯಲ್ಲಿ ಇದೇ ಕಂಪ್ಯೂಟರಿನಿಂದ ನೆಟ್ ಬ್ಯಾಂಕಿಂಗ್ ನಡೆಯುತ್ತದೆ, ಮಗಳ ಸಿಇಟಿ ಅರ್ಜಿ ತುಂಬಬೇಕಾದದ್ದೂ ಇದರಿಂದಲೇ. ಸುಮ್ಮನೆ ಕೂರುವ ಹಾಗಿರಲಿಲ್ಲ.

ಇನ್ನೊಂದು ವಿಷಯವನ್ನು ಬಹಳ ಮಂದಿ ಗಮನಿಸಿಲ್ಲ. ಅದೇ ಅಕ್ಟೋಬರ್ 14ಕ್ಕೆ ಆಫೀಸ್ 2016 ಮತ್ತು ಆಫೀಸ್ 2019ರ ಬೆಂಬಲವೂ ಮುಗಿದಿದೆ. ವರ್ಡ್, ಎಕ್ಸೆಲ್ ಯಾವ ವರ್ಷದ್ದು ಅಂತಲೂ ಒಮ್ಮೆ ನೋಡಿಕೊಳ್ಳಿ.

ಮೊದಲು ಮಾಡಿದ ಕೆಲಸ ಮೈಕ್ರೋಸಾಫ್ಟಿನದ್ದೇ ಆದ ಪಿಸಿ ಹೆಲ್ತ್ ಚೆಕ್ ಅನ್ನುವ ಚಿಕ್ಕ ಪ್ರೋಗ್ರಾಂ ಇಳಿಸಿ ಓಡಿಸಿದ್ದು. ಹನ್ನೊಂದು ಈ ಕಂಪ್ಯೂಟರಿನಲ್ಲಿ ಕೂರುತ್ತದೋ ಇಲ್ಲವೋ ಅದು ಹೇಳುತ್ತದೆ. ನಮ್ಮದಕ್ಕೆ ಮೂರು ತಕರಾರು ಬಂತು: ಟಿಪಿಎಂ 2.0 ಇಲ್ಲ, ಸೆಕ್ಯೂರ್ ಬೂಟ್ ಆನ್ ಇಲ್ಲ, ಪ್ರೊಸೆಸರ್ ಮೈಕ್ರೋಸಾಫ್ಟ್ ಒಪ್ಪಿದ ಪಟ್ಟಿಯಲ್ಲಿಲ್ಲ.

ಈ ಮೂರೂ ಒಂದೇ ತೂಕದವಲ್ಲ, ಇದನ್ನು ತಿಳಿಯಲು ನನಗೆ ಸಾಕಷ್ಟು ಓದಬೇಕಾಯಿತು. ಟಿಪಿಎಂ ಅಂದರೆ ಪಾಸ್‌ವರ್ಡ್, ಬೀಗದ ಕೀಲಿಯಂಥ ಗುಟ್ಟುಗಳನ್ನು ಬೇರೆಯಾಗಿ ಕಾಪಾಡುವ ಒಂದು ವ್ಯವಸ್ಥೆ. ಬಿಡಿ ಚಿಪ್ ಬೇಕು ಅಂದುಕೊಂಡು ಕೆಲವರು ಅಂಗಡಿಗೆ ಓಡುತ್ತಾರೆ. ಬೇಕಾಗಿಲ್ಲ. ಐದಾರು ವರ್ಷದಿಂದೀಚಿನ ಬಹುತೇಕ ಕಂಪ್ಯೂಟರುಗಳಲ್ಲಿ, ನಮ್ಮಂಥ ಇನ್ನೂ ಹಳೆಯ ಕೆಲವದರಲ್ಲೂ, ಅದು ಒಳಗೇ ಇರುತ್ತದೆ, ಆಫ್ ಆಗಿರುತ್ತದೆ ಅಷ್ಟೆ. ಬಯಾಸ್‌ಗೆ, ಅಂದರೆ ವಿಂಡೋಸ್ ಏಳುವ ಮೊದಲೇ ತೆರೆಯುವ ಕಂಪ್ಯೂಟರಿನ ಮೂಲ ಸೆಟ್ಟಿಂಗ್ಸ್‌ಗೆ, ಹೋದರೆ ಇಂಟೆಲ್ ಬೋರ್ಡಿನಲ್ಲಿ ಪಿಟಿಟಿ, ಎಎಂಡಿ ಬೋರ್ಡಿನಲ್ಲಿ ಎಫ್‌ಟಿಪಿಎಂ ಅನ್ನುವ ಹೆಸರಿನಲ್ಲಿ ಸಿಗುತ್ತದೆ. ನಮ್ಮದರಲ್ಲೂ ಪಿಟಿಟಿ ಆನ್ ಮಾಡಿದೊಡನೆ ಮೊದಲ ತಕರಾರು ಮಾಯ. ಒಂದು ಪೈಸೆ ಖರ್ಚಿಲ್ಲ.

ಸೆಕ್ಯೂರ್ ಬೂಟ್, ಅಂದರೆ ಕಂಪ್ಯೂಟರ್ ಏಳುವಾಗ ನಂಬಿಕಸ್ಥ ಪ್ರೋಗ್ರಾಂಗಳನ್ನಷ್ಟೇ ಓಡಲು ಬಿಡುವ ಕಾವಲು, ಅಷ್ಟು ಸಲೀಸಾಗಲಿಲ್ಲ. ಸಿಪಿಯು ಡಬ್ಬವನ್ನು ಬೆಡ್‌ಶೀಟಿನಲ್ಲಿ ಸುತ್ತಿ, ತೊಡೆ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಒಯ್ದೆ. ಮಳೆ ಬೇರೆ. ಅಂಗಡಿಯ ಹುಡುಗ ಮೊದಲು ಹೇಳಿದ್ದು, "ಸಾರ್, ಇದಕ್ಕೆ ದುಡ್ಡು ಹಾಕ್ಬೇಡಿ, ನಲವತ್ತೈದು ಸಾವಿರಕ್ಕೆ ಹೊಸದು ಮಾಡ್ಕೊಡ್ತೀನಿ." ಯೋಚಿಸ್ತೀನಿ ಅಂದೆ. ಹಾಗಾದರೆ ಅಂತ ಬಯಾಸಿನಲ್ಲಿ ಏನೇನೋ ಬದಲಿಸಿ, ಸೆಕ್ಯೂರ್ ಬೂಟ್ ಆನ್ ಮಾಡಿದ್ದೇನೆ, ಮನೆಗೆ ಹೋಗಿ ನೋಡಿ ಅಂದ. ಮನೆಗೆ ತಂದು ಸ್ವಿಚ್ ಒತ್ತಿದರೆ ಕಪ್ಪು ಪರದೆ, ಬೂಟ್ ಮಾಡುವ ಡಿಸ್ಕೇ ಇಲ್ಲ ಅನ್ನುವ ಒಂದು ಸಾಲು. ಅಪ್ಪ ಏನೂ ಮಾತಾಡದೆ ಎದ್ದು ಜಗಲಿಗೆ ಹೋದರು. ಅವತ್ತು ರಾತ್ರಿ ಮನೆಯಲ್ಲಿ ಯಾರಿಗೂ ಸರಿಯಾಗಿ ಊಟ ಸೇರಲಿಲ್ಲ.

ಡಿಸ್ಕಿಗೆ ಏನೂ ಆಗಿರಲಿಲ್ಲ. ಒಂದು ಡಿಸ್ಕಿನ ಭಾಗಗಳ ಲೆಕ್ಕ ಬರೆದಿಡಲು ಎರಡು ಪದ್ಧತಿ ಇವೆ, ಹಳೆಯದು ಎಂಬಿಆರ್, ಹೊಸದು ಜಿಪಿಟಿ. ಸೆಕ್ಯೂರ್ ಬೂಟ್ ಬೇಕಾದರೆ ಯುಇಎಫ್‌ಐ ಅನ್ನುವ ಹೊಸ ವಿಧಾನದಲ್ಲಿ ಬೂಟ್ ಆಗಬೇಕು, ಅದಕ್ಕೆ ವಿಂಡೋಸ್ ಇರುವ ಡಿಸ್ಕು ಜಿಪಿಟಿ ಆಗಿರಬೇಕು. 2017ರಲ್ಲಿ ನಮ್ಮದರಲ್ಲಿ ವಿಂಡೋಸ್ ಹಾಕಿದವರು ಹಳೇ ಪದ್ಧತಿಯಲ್ಲೇ ಹಾಕಿದ್ದರು. ಬಯಾಸಿಗೆ ಮತ್ತೆ ಹೋಗಿ ಹಳೇ ವಿಧಾನದಲ್ಲಿ ಬೂಟ್ ಆಗಲು ಬಿಡುವ ಸಿಎಸ್‌ಎಂ ಅನ್ನುವುದನ್ನು ಮೊದಲಿನಂತೆ ಆನ್ ಮಾಡಿದ್ದೇ ತಡ, ಎಲ್ಲ ಎದ್ದು ನಿಂತಿತು. ನಿಮ್ಮ ಕಂಪ್ಯೂಟರೂ ಹೀಗೆ ಕಪ್ಪಾದರೆ ಫಾರ್ಮ್ಯಾಟ್ ಮಾಡಿಸುವ ಮೊದಲು ಇದೊಂದನ್ನು ನೋಡಿ.

ಎಂಬಿಆರ್‌ನಿಂದ ಜಿಪಿಟಿಗೆ ಡೇಟಾ ಅಳಿಸದೆ ಬದಲಿಸುವ ಸಾಧನ ವಿಂಡೋಸ್ 10ರ ಒಳಗೇ ಇದೆ, ಎಂಬಿಆರ್‌ಟುಜಿಪಿಟಿ ಅಂತ. ಬದಲಿಸುವ ಮೊದಲು ಆಗುತ್ತದೋ ಇಲ್ಲವೋ ಎಂದು ಬರೀ ಪರೀಕ್ಷೆ ಮಾಡಿಸುವ ಆಯ್ಕೆಯೂ ಅದರಲ್ಲಿದೆ. ನಮ್ಮದು ಪರೀಕ್ಷೆಯಲ್ಲೇ ನಪಾಸು. ಸಿ, ಡಿ, ಇ ಅಂತ ಡ್ರೈವ್ ಮಾಡಿಕೊಂಡಿದ್ದೆವಲ್ಲ, ಕೊನೆಯದು ಲಾಜಿಕಲ್ ಪಾರ್ಟಿಷನ್ ಆಗಿ ಕೂತಿತ್ತು, ಅಂಥದ್ದಿದ್ದರೆ ಈ ಸಾಧನ ಒಪ್ಪುವುದಿಲ್ಲ.

ಅಷ್ಟೆಲ್ಲ ಸರಿಮಾಡಿದರೂ ಮೂರನೆಯ ತಕರಾರು ಹಾಗೇ ಉಳಿಯುತ್ತದೆ, ಅದಕ್ಕೆ ಮದ್ದಿಲ್ಲ. ಇಂಟೆಲ್‌ನಲ್ಲಿ ವಿಂಡೋಸ್ 11ರ ಪಟ್ಟಿ ಹೆಚ್ಚುಕಡಿಮೆ ಎಂಟನೇ ತಲೆಮಾರಿನಿಂದ ಶುರು. ನಮ್ಮ 7400 ಏಳನೆಯದು, ಕೂದಲೆಳೆಯಲ್ಲಿ ತಪ್ಪಿತು. ಏಳನೆಯದರಲ್ಲೂ ಬೆರಳೆಣಿಕೆಯಷ್ಟಕ್ಕೆ ವಿನಾಯಿತಿ ಇದೆ, ಅದರಲ್ಲೊಂದು ಮೈಕ್ರೋಸಾಫ್ಟಿನದ್ದೇ ಸರ್ಫೇಸ್ ಸ್ಟುಡಿಯೋ 2ರಲ್ಲಿರುವ ಪ್ರೊಸೆಸರ್! ಓದಿ ನಗು ಬಂತು. ಎಎಂಡಿಯಲ್ಲಿ ರೈಜನ್ 2000 ಸರಣಿಯಿಂದ, ಅದರಲ್ಲೂ ಎಲ್ಲವೂ ಅಲ್ಲ. ಆದ್ದರಿಂದ ಬಯಾಸಿಗೆ ಕೈ ಹಾಕುವ ಮೊದಲು, ಅಂಗಡಿಗೆ ಹೊತ್ತೊಯ್ಯುವ ಮೊದಲು, ಪ್ರೊಸೆಸರ್ ಹೆಸರನ್ನು ಪಟ್ಟಿಯಲ್ಲಿ ಹುಡುಕಿ. ಇದ್ದರೆ ಉಳಿದದ್ದನ್ನು ಹೇಗಾದರೂ ಸರಿಮಾಡಬಹುದು, ಹನ್ನೊಂದು ಪುಕ್ಕಟೆಯಾಗಿಯೇ ಸಿಗುತ್ತದೆ, ಸುಮ್ಮನೆ ಹೋಗಿಬಿಡಿ. ಇಲ್ಲದಿದ್ದರೆ ಮುಂದೆ ಓದಿ.

ಅಂಗಡಿಯವನ ಹತ್ತಿರ ಇನ್ನೊಂದು ಉಪಾಯವೂ ಇತ್ತು. "ಬೈಪಾಸ್ ಮಾಡಿ ಹಾಕ್ಕೊಡ್ತೀನಿ ಸಾರ್, ಎಲ್ರೂ ಹಾಗೇ ಹಾಕಿಸ್ಕೊಳ್ತಿರೋದು." ಸುಳ್ಳಲ್ಲ. ರೂಫಸ್ ಅನ್ನುವ ಸಾಧನದಿಂದ ಪೆನ್‌ಡ್ರೈವ್ ತಯಾರಿಸುವಾಗ ಈ ನಿಬಂಧನೆಗಳನ್ನೆಲ್ಲ ತೆಗೆದುಹಾಕಬಹುದು. ಹನ್ನೊಂದು ಓಡುತ್ತದೆ ಕೂಡ. ನಾಲ್ಕು ದಿನ ನನ್ನ ಮನಸ್ಸು ಆ ಕಡೆಗೇ ವಾಲಿತ್ತು. ಆದರೆ ಪಟ್ಟಿಯಲ್ಲಿಲ್ಲದ ಕಂಪ್ಯೂಟರಿಗೆ ಅಪ್‌ಡೇಟ್ ಬರುತ್ತದೆಂಬ ಖಾತರಿ ಇಲ್ಲ ಎಂದು ಮೈಕ್ರೋಸಾಫ್ಟ್ ಬರೆದೇ ಇಟ್ಟಿದೆ. ವರ್ಷಕ್ಕೊಮ್ಮೆ ಬರುವ ದೊಡ್ಡ ಆವೃತ್ತಿಯನ್ನಂತೂ ಪ್ರತಿ ಸಲ ಹೀಗೇ ಒತ್ತಾಯದಿಂದ ಹಾಕಿಕೊಳ್ಳಬೇಕು. ನಾವು ಹತ್ತನ್ನು ಬಿಡಲು ಹೊರಟಿದ್ದೇ ಅಪ್‌ಡೇಟ್ ಬರುವುದಿಲ್ಲ ಎಂಬ ಕಾರಣಕ್ಕೆ. ಖಾತರಿ ಇಲ್ಲದ ಇನ್ನೊಂದು ಕಡೆಗೆ ಹೋಗಿ ಏನು ಸಾಧಿಸಿದ ಹಾಗಾಯ್ತು? ಆಟಕ್ಕೆ ಇಟ್ಟುಕೊಂಡ ಕಂಪ್ಯೂಟರಾದರೆ ಹಾಕಿಕೊಳ್ಳಿ, ಬ್ಯಾಂಕಿನ ವ್ಯವಹಾರ ಮಾಡುವುದಕ್ಕೆ ನಾನು ಹಾಕಲಾರೆ.

ಇಲ್ಲಿಗೆ ಬಂದಾಗ ಒಂದು ಕಾಗದ ತೆಗೆದುಕೊಂಡು, ಈ ಕಂಪ್ಯೂಟರಿನಿಂದ ಮನೆಯಲ್ಲಿ ಯಾರಿಗೆ ಏನಾಗಬೇಕು ಎಂದು ಬರೆದೆ. ನನ್ನ ಕೇಳಿದರೆ ಈ ಇಡೀ ಪ್ರಹಸನದಲ್ಲಿ ನಿಜಕ್ಕೂ ಉಪಯೋಗಕ್ಕೆ ಬಂದದ್ದು ಆ ಕಾಗದ. ಹೆಂಡತಿಗೆ ಟ್ಯೂಷನ್ ಮಕ್ಕಳ ಪ್ರಶ್ನೆಪತ್ರಿಕೆ ಪ್ರಿಂಟ್ ಆಗಬೇಕು. ಮಗಳಿಗೆ ಬ್ರೌಸರ್ ಇದ್ದರೆ ಸಾಕು. ನನಗೂ ಅಷ್ಟೇ. ಅಪ್ಪನಿಗೆ ಬೇಕಾದದ್ದು ನುಡಿ.

ನುಡಿಯ ವಿಚಾರ ಸ್ವಲ್ಪ ವಿವರವಾಗಿ ಹೇಳಬೇಕು, ಮನೆಯಲ್ಲಿ ಬರೆಯುವ ಹಿರಿಯರಿರುವ ಎಷ್ಟೋ ಮನೆಗಳಿಗೆ ಇದು ತಟ್ಟುತ್ತದೆ. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದಲ್ಲಿ ಅಪ್ಪ ಟೈಪು ಕಲಿತದ್ದು. ಹಳೆಯ ನುಡಿಯಲ್ಲಿ ಬರೆದ ಫೈಲಿನೊಳಗೆ ನಿಜವಾಗಿ ಕನ್ನಡ ಇರುವುದಿಲ್ಲ. ಇಂಗ್ಲಿಷಿನ ಮತ್ತು ಯುರೋಪಿನ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿದ ಫಾಂಟು ಅದನ್ನು ಕನ್ನಡವಾಗಿ ಕಾಣಿಸುತ್ತದೆ. ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ತಲೆಬುಡವಿಲ್ಲದ ಗೀಟುಗೀಟು. ಹುಡುಕಿದರೆ ಸಿಗುವುದಿಲ್ಲ, ವಾಟ್ಸಾಪಿಗೆ ಅಂಟಿಸಿದರೆ ಓದಲಾಗುವುದಿಲ್ಲ. ಯುನಿಕೋಡಿನಲ್ಲಿ ಹಾಗಲ್ಲ, ಕನ್ನಡದ ಪ್ರತಿ ಅಕ್ಷರಕ್ಕೂ ಅದರದ್ದೇ ಸಂಖ್ಯೆ, ಯಾವ ಸಿಸ್ಟಮ್ಮಿಗೆ ಹೋದರೂ ಕನ್ನಡವಾಗಿಯೇ ಇರುತ್ತದೆ. ಹೊಸ ನುಡಿ ಯುನಿಕೋಡಿನಲ್ಲೂ ಬರೆಯುತ್ತದೆ. ಆದರೆ ಅಪ್ಪನ ಡಿ ಡ್ರೈವಿನಲ್ಲಿರುವ ನೂರಾರು ಲೇಖನಗಳು ಹಳೆಯ ಕಾಲದವು.

ಆಪರೇಟಿಂಗ್ ಸಿಸ್ಟಂ ಯಾವುದಾದರೂ ಆಗಲಿ, ಈ ಫೈಲುಗಳು ಒಂದು ಫಾಂಟಿಗೆ ಕಟ್ಟುಬಿದ್ದು ಕೂತಿವೆ ಎನ್ನುವುದು ಅಪ್ಪನಿಗೂ ನನಗೂ ಒಟ್ಟಿಗೇ ತಲೆಗೆ ಹೋಯಿತು. ಅವತ್ತಿನಿಂದ ಚರ್ಚೆಯ ದಿಕ್ಕೇ ಬೇರೆಯಾಯಿತು. ಹನ್ನೊಂದೋ, ವಿಂಡೋಸಿನ ಬದಲು ಪುಕ್ಕಟೆ ಸಿಗುವ ಲಿನಕ್ಸೋ, ಹೊಸ ಕಂಪ್ಯೂಟರೋ, ಆಮೇಲೆ ನೋಡೋಣ. ಮೊದಲು ಇವನ್ನು ಬಿಡಿಸಿಕೊಳ್ಳಬೇಕು, ಅದಕ್ಕೆ ಸಮಯ ಬೇಕು.

ನುಡಿಯಿಂದ ಯುನಿಕೋಡಿಗೆ ಬದಲಿಸುವ ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ. ನಂಬಿ ಕಣ್ಣುಮುಚ್ಚಿ ಬಿಡಬೇಡಿ. ಅರ್ಕಾವತ್ತು ಇರುವ ಕಡೆ ಎಡವುತ್ತವೆ. ಲೇಖನದ ನಡುವೆ ಇಂಗ್ಲಿಷ್ ಹೆಸರು ಇದ್ದರೆ ಅದನ್ನೂ ಕನ್ನಡವೆಂದು ತಿಳಿದು ಅರ್ಥವಿಲ್ಲದ ಅಕ್ಷರಗಳ ಮುದ್ದೆ ಮಾಡಿಡುತ್ತವೆ. ಪಠ್ಯವನ್ನಷ್ಟೇ ನಕಲು ಮಾಡಿ ಅಂಟಿಸುವುದರಿಂದ ಕೋಷ್ಟಕ, ಅಡಿಟಿಪ್ಪಣಿ ಚೆದುರಿಹೋಗುತ್ತವೆ. ಅಪ್ಪನ ಶಾಸನಗಳ ಲೇಖನದಲ್ಲಿ ಅಡಿಟಿಪ್ಪಣಿಯೇ ಅರ್ಧ! ಹಾಗಾಗಿ ಪ್ರತಿಯೊಂದನ್ನೂ ಹಳೆಯದರ ಪಕ್ಕ ಇಟ್ಟುಕೊಂಡು ಓದಲೇಬೇಕು. ಮೂಲ ಫೈಲನ್ನು ಅಳಿಸಕೂಡದು. ಮೂಲದ ಒಂದು ಪಿಡಿಎಫ್ ಕೂಡ ತೆಗೆದಿಟ್ಟರೆ, ಮುಂದೆ ಫಾಂಟು ಇಲ್ಲದಿದ್ದರೂ ಓದಲಾದರೂ ಬರುತ್ತದೆ.

ನಡುವೆ ಲಿನಕ್ಸನ್ನೂ ನೋಡಿದೆವು. ಲಿನಕ್ಸಿನ ಒಂದು ಬಗೆಯಾದ ಮಿಂಟ್ 22ನ್ನು ಪೆನ್‌ಡ್ರೈವಿಗೆ ಹಾಕಿ, ಏನನ್ನೂ ಇನ್‌ಸ್ಟಾಲ್ ಮಾಡದೆ ಅದರಿಂದಲೇ ಬೂಟ್ ಮಾಡಿ ಓಡಿಸಬಹುದು. ಅದಕ್ಕೆ 2029ರವರೆಗೆ ಬೆಂಬಲ, ದುಡ್ಡೂ ಇಲ್ಲ, ಪ್ರೊಸೆಸರಿನ ಜಾತಕವನ್ನೂ ಕೇಳುವುದಿಲ್ಲ. ಮಗಳು ಅರ್ಧ ಗಂಟೆಯಲ್ಲಿ ಒಗ್ಗಿಕೊಂಡಳು. ಅಪ್ಪನ ಬಗ್ಗೆ ನನಗೆ ಅಳುಕಿತ್ತು. ಆದರೆ ಕೀಬೋರ್ಡ್ ಪಟ್ಟಿಯಲ್ಲಿ ಭಾರತದ ಭಾಷೆಗಳ ಕೆಳಗೆ ಕನ್ನಡ ಕಗಪ ಅಂತಲೇ ಒಂದು ವಿನ್ಯಾಸ ಇತ್ತು. ನುಡಿಯಲ್ಲಿರುವುದೂ ಕೆ.ಪಿ. ರಾವ್ ಅವರು ರೂಪಿಸಿದ ಆ ವಿನ್ಯಾಸವೇ. ಅಪ್ಪ ಕೂತು, ಒತ್ತಕ್ಷರಕ್ಕೆ ಎಫ್ ಒತ್ತಿ, 'ತೀರ್ಥಹಳ್ಳಿ' ಎಂದು ಹೊಡೆದು, "ಅಡ್ಡಿಲ್ಲ" ಅಂದರು. ಅವರ ಬಾಯಲ್ಲಿ ಅದು ದೊಡ್ಡ ಮಾತು.

ಕೈಕೊಟ್ಟದ್ದು ಪ್ರಿಂಟರು. ನಮ್ಮದು ಹಳೇ ಕಪ್ಪು-ಬಿಳುಪು ಲೇಸರ್ ಪ್ರಿಂಟರ್, ವಿಂಡೋಸಿಗೆ ಡ್ರೈವರ್ ಇದೆ, ಲಿನಕ್ಸಿನಲ್ಲಿ ಎಷ್ಟು ಜಗ್ಗಾಡಿದರೂ ಒಂದು ಹಾಳೆ ಹೊರಗೆ ಬರಲಿಲ್ಲ. ಹೆಂಡತಿ ಮೂರು ದಿನ ನೋಡಿ, "ನಿಮ್ಮ ಪ್ರಯೋಗ ಮುಗೀಲಿ ಆಮೇಲೆ ಹೇಳಿ, ನಾನು ಜೆರಾಕ್ಸ್ ಅಂಗಡೀಲಿ ಮಾಡಿಸ್ಕೊಳ್ತೀನಿ" ಅಂದಳು. ಆ ಧ್ವನಿ ಕೇಳಿದ ಮೇಲೆ ಮಿಂಟಿನ ಪೆನ್‌ಡ್ರೈವ್ ಸದ್ಯಕ್ಕೆ ಮೇಜಿನ ಖಾನೆ ಸೇರಿತು. ಲಿನಕ್ಸಿಗೆ ಹೋಗುವವರು ಪೂರ್ತಿ ಹಾಕಿಸುವ ಮೊದಲೇ ಪೆನ್‌ಡ್ರೈವಿನಿಂದ ಓಡಿಸಿ ಪ್ರಿಂಟರು, ಸ್ಕ್ಯಾನರು, ಡಿಜಿಟಲ್ ಸಹಿಯ ಟೋಕನ್ ಇವನ್ನು ಚುಚ್ಚಿ ನೋಡಿಬಿಡಿ.

ಉಳಿದದ್ದು ಒಂದೇ ದಾರಿ, ಮೈಕ್ರೋಸಾಫ್ಟ್ ಮನೆಬಳಕೆಯವರಿಗೆ ಕೊಟ್ಟ ಹೆಚ್ಚುವರಿ ಭದ್ರತಾ ಅಪ್‌ಡೇಟ್, ಇಎಸ್‌ಯು. 2026ರ ಅಕ್ಟೋಬರ್ 13ರವರೆಗೆ ಮುಖ್ಯ ಭದ್ರತಾ ತೇಪೆಗಳಷ್ಟೇ ಬರುತ್ತವೆ, ಹೊಸ ಸೌಲಭ್ಯ ಏನೂ ಇಲ್ಲ. ಪಡೆಯಲು ಮೂರು ವಿಧ: ವಿಂಡೋಸ್ ಬ್ಯಾಕಪ್ ಮೂಲಕ ನಿಮ್ಮ ಸೆಟ್ಟಿಂಗ್ಸ್ ಅನ್ನು ಅವರ ಕ್ಲೌಡಿಗೆ ಕಳಿಸಿದರೆ ಉಚಿತ, ಅಥವಾ ಮೈಕ್ರೋಸಾಫ್ಟಿನ 1,000 ರಿವಾರ್ಡ್ಸ್ ಅಂಕ, ಅಥವಾ 30 ಡಾಲರಿಗೆ ಸಮನಾದ ಹಣ. ನಾವು ಮೊದಲನೆಯದು ಹಿಡಿದೆವು.

ಅದಕ್ಕೆ ನಿಮ್ಮ ವಿಂಡೋಸ್ 10, 22ಎಚ್2 ಆವೃತ್ತಿ ಆಗಿರಬೇಕು. ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಂ, ಅದರೊಳಗೆ ಅಬೌಟ್ ನೋಡಿದರೆ ಗೊತ್ತಾಗುತ್ತದೆ. ಬಾಕಿ ಇರುವ ಅಪ್‌ಡೇಟ್ ಎಲ್ಲ ಆಗಿರಬೇಕು. ನಮ್ಮದರಲ್ಲಿ ಅಪ್‌ಡೇಟ್ ನಿಲ್ಲಿಸಿಟ್ಟು ಯಾವ ಕಾಲವಾಗಿತ್ತೋ, ಇಳಿದು ಹತ್ತಿ ಮುಗಿಯುವಷ್ಟರಲ್ಲಿ ಕರೆಂಟು ಹೋಗಿ ಬಂದು, ಯುಪಿಎಸ್ ಕೂಗಿ, ಇಡೀ ಭಾನುವಾರ ಹಿಡಿಯಿತು. ಅದಾದ ಮೇಲೆ ವಿಂಡೋಸ್ ಅಪ್‌ಡೇಟ್ ಪುಟದಲ್ಲಿ ಎನ್ರೋಲ್ ಅನ್ನುವ ಕೊಂಡಿ ಕಾಣಿಸಿತು. ಒತ್ತಿದರೆ ಮೈಕ್ರೋಸಾಫ್ಟ್ ಖಾತೆ ಕೇಳಿತು. ನಮ್ಮಲ್ಲಿದ್ದದ್ದು ಅಂಗಡಿಯವರು ಮಾಡಿಕೊಟ್ಟ ಲೋಕಲ್ ಖಾತೆ, ಬಹಳ ಮನೆಗಳಲ್ಲಿ ಹಾಗೇ ಇರುತ್ತದೆ. ದುಡ್ಡು ಕೊಡುತ್ತೇವೆ ಅಂದರೂ ಈ ಖಾತೆ ಬೇಕೇ ಬೇಕು. ಹೊಸದು ಮಾಡುವಾಗ ನಿಮ್ಮ ಕೈಯಲ್ಲಿರುವ, ಮುಂದೂ ಇರುವ ಮೊಬೈಲ್ ನಂಬರೇ ಕೊಡಿ.

"ಅಂದ್ರೆ ನಾನು ಬರೆದದ್ದೆಲ್ಲ ಅವರ ಹತ್ರ ಹೋಗತ್ತಾ?" ಅಪ್ಪನ ಪ್ರಶ್ನೆ. ನ್ಯಾಯವಾದದ್ದೇ. ಹೋಗಬೇಕಾಗಿಲ್ಲ. ವಿಂಡೋಸ್ ಬ್ಯಾಕಪ್‌ನಲ್ಲಿ ಫೋಲ್ಡರುಗಳ ಆಯ್ಕೆ ಬೇರೆ, ಸೆಟ್ಟಿಂಗ್ಸ್ ಆಯ್ಕೆ ಬೇರೆ. ಫೋಲ್ಡರಿನದ್ದನ್ನು ಆಫ್ ಇಟ್ಟೆವು. ಅದನ್ನು ಆನ್ ಬಿಟ್ಟರೆ ಉಚಿತವಾಗಿ ಸಿಗುವ 5 ಜಿಬಿ ಜಾಗ ಫೋಟೋಗಳಿಂದಲೇ ತುಂಬಿ, ಇನ್ನಷ್ಟು ಜಾಗ ಕೊಳ್ಳಿ ಅನ್ನುವ ಸೂಚನೆ ಶುರುವಾಗುತ್ತದೆ. ನೋಂದಣಿ ಆಯಿತು ಎಂಬ ಸಾಲು ಬಂದದ್ದು ಎರಡು ನಿಮಿಷದಲ್ಲಿ. ಇಷ್ಟು ದಿನದ ಒದ್ದಾಟಕ್ಕೆ ಎರಡು ನಿಮಿಷ!

ಎಸ್‌ಎಸ್‌ಡಿ ನನ್ನ ಹಠ. ಹಾರ್ಡ್ ಡಿಸ್ಕಿನಲ್ಲಿ ವಿಂಡೋಸ್ ಏಳಲು ಕಾಫಿ ಮಾಡಿಕೊಂಡು ಬರುವಷ್ಟು ಹೊತ್ತು ಬೇಕಿತ್ತು, ಜನ ಹಳೇ ಕಂಪ್ಯೂಟರ್ ಎಸೆಯುವುದು ಬಹುಪಾಲು ಈ ನಿಧಾನಕ್ಕೇ. 500 ಜಿಬಿಯ ಸಾಟಾ ಎಸ್‌ಎಸ್‌ಡಿ ತಂದು, ಅದರ ಜೊತೆ ಬರುವ ಕ್ಲೋನ್ ಮಾಡುವ ತಂತ್ರಾಂಶದಿಂದ ಸಿ ಡ್ರೈವನ್ನು ಅದಕ್ಕೆ ನಕಲು ಮಾಡಿದೆವು. ಈಗ ಅರ್ಧ ನಿಮಿಷದೊಳಗೆ ಎದ್ದು ಕೂರುತ್ತದೆ. ಮುಂದೆ ಹೊಸ ಕಂಪ್ಯೂಟರ್ ಮಾಡಿದರೂ ಈ ಎಸ್‌ಎಸ್‌ಡಿ ಅದಕ್ಕೆ ಹೋಗುತ್ತದೆ, ದುಡ್ಡು ದಂಡವಲ್ಲ. ಇದಕ್ಕೂ ಮೊದಲು ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಿಗೆ ಎಲ್ಲವನ್ನೂ ಇಳಿಸಿಕೊಂಡಿದ್ದೆ. ನುಡಿಯ ಫಾಂಟುಗಳನ್ನೂ ಬೇರೆ ಫೋಲ್ಡರಿನಲ್ಲಿ ಹಾಕಿದ್ದೇನೆ. ಫೈಲು ಉಳಿದು ಫಾಂಟು ಹೋದರೆ ಪಡಿಪಾಟಲು.

ಖರ್ಚಿನ ಲೆಕ್ಕ: ಎಸ್‌ಎಸ್‌ಡಿಗೆ ಮೂರು ಸಾವಿರದ ಮೇಲೆ ಚಿಲ್ಲರೆ, ಎಕ್ಸ್‌ಟರ್ನಲ್ ಡಿಸ್ಕಿಗೆ ನಾಲ್ಕೂವರೆ ಸಾವಿರ, ಅಂಗಡಿಯವನಿಗೆ ಐನೂರು, ಬಸ್ ಚಾರ್ಜು. ಎಕ್ಸ್‌ಟರ್ನಲ್ ಡಿಸ್ಕು ಹೇಗೂ ಯಾವತ್ತೋ ಕೊಳ್ಳಬೇಕಾಗಿದ್ದ ವಸ್ತು. ನಲವತ್ತೈದು ಸಾವಿರ ಈಗಲೇ ಕಕ್ಕಬೇಕಾಗಲಿಲ್ಲ, ಮಗಳ ಕಾಲೇಜು ಯಾವುದೆಂದು ತಿಳಿದ ಮೇಲೆ ಅವಳಿಗೆ ಲ್ಯಾಪ್‌ಟಾಪ್ ಬೇಕೋ ಏನೋ, ಆಗ ನೋಡುವುದು.

ಅಪ್ಪ ಈಗ ಬೆಳಿಗ್ಗೆ ಹೊಸದನ್ನು ಬರೆಯುವ ಮೊದಲು ಹಳೆಯದೊಂದನ್ನು ಪರಿವರ್ತಿಸಿ ತಿದ್ದುತ್ತಾರೆ. ಮುಗಿದದ್ದರ ಹೆಸರನ್ನು ಡೈರಿಯಲ್ಲಿ ಬರೆದು ಗೀಟು ಎಳೆಯುತ್ತಾರೆ. ತಿದ್ದಲು ಕೂತವರು ಹಳೇ ಲೇಖನದ ವಾಕ್ಯಗಳನ್ನೇ ಬದಲಿಸಲು ಶುರುಮಾಡಿದ್ದಾರೆ, ಹಾಗಾಗಿ ಕೆಲಸ ನಾನು ಅಂದುಕೊಂಡದ್ದಕ್ಕಿಂತ ನಿಧಾನ. ಅಕ್ಟೋಬರ್ ಬರುವಷ್ಟರಲ್ಲಿ ಪ್ರಿಂಟರಿಗೊಂದು ದಾರಿ ಸಿಕ್ಕರೆ ಖಾನೆಯಲ್ಲಿರುವ ಮಿಂಟ್ ಹೊರಗೆ ಬರುತ್ತದೆ, ಸಿಗದಿದ್ದರೆ ಹೆಂಡತಿಯನ್ನೇ ಕೇಳಬೇಕು, ಹೊಸ ಪ್ರಿಂಟರೋ ಹೊಸ ಸಿಪಿಯುವೋ ಅಂತ.